ಕೊಂದದ್ದೋ, ಬಿಟ್ಟದ್ದೋ: ಟೋನಿ ಬ್ಲಾಂಡ್ ಪ್ರಕರಣ

ದಯಾಮರಣದ ಮಾತು ಬಂದಾಗಲೆಲ್ಲ ನಾವು ನೋವಿನಿಂದ ಶುರು ಮಾಡುತ್ತೇವೆ. ರೋಗಿ ನರಳುತ್ತಿದ್ದಾನೆ, ಸಾಕು ಅನ್ನುತ್ತಿದ್ದಾನೆ, ಅವನನ್ನು ಬಿಡಿಸಬೇಕೋ ಬೇಡವೋ ಅಂತ. ನಾನು ಇಲ್ಲಿ ಬರೆಯುತ್ತಿರುವ ಪ್ರಕರಣದಲ್ಲಿ ನೋವು ಇರಲಿಲ್ಲ. ಸಾಕು ಅಂತ ಯಾರೂ ಹೇಳಿರಲಿಲ್ಲ, ಹೇಳುವ ಸ್ಥಿತಿಯಲ್ಲಿ ಅವನಿರಲಿಲ್ಲ. ಆದರೂ ಸಾಯುವ ವಿಷಯದ ಕಷ್ಟದ ಪ್ರಶ್ನೆಗಳೆಲ್ಲ ಇದೊಂದೇ ಹುಡುಗನ ಹಾಸಿಗೆಯ ಸುತ್ತ ಬಂದು ನಿಂತವು. ನಮ್ಮ ದೇಶದ ಸುಪ್ರೀಂ ಕೋರ್ಟು ಮುಂದೆ ಈ ವಿಷಯ ಎತ್ತಿಕೊಂಡಾಗ ಇದೇ ತೀರ್ಪನ್ನು ಹತ್ತಿರ ಇಟ್ಟುಕೊಂಡು ಓದಿತು. ಅದಕ್ಕೇ ಪೂರ್ತಿಯಾಗಿ ಬರೆಯೋಣ ಅನ್ನಿಸಿತು.

1989ರ ಏಪ್ರಿಲ್ 15. ಇಂಗ್ಲೆಂಡಿನ ಷೆಫೀಲ್ಡ್‌ನಲ್ಲಿರುವ ಹಿಲ್ಸ್‌ಬರೋ ಮೈದಾನ. ಲಿವರ್‌ಪೂಲ್‌ಗೂ ನಾಟಿಂಗ್‌ಹ್ಯಾಮ್ ಫಾರೆಸ್ಟ್‌ಗೂ ಎಫ್‌ಎ ಕಪ್ ಫುಟ್‌ಬಾಲ್ ಸೆಮಿಫೈನಲ್. ಹೊರಗಿನ ನೂಕುನುಗ್ಗಲು ಕಡಿಮೆ ಮಾಡಲು ಪೊಲೀಸರು ಒಂದು ಗೇಟು ತೆರೆಸಿದರು. ಆಗಲೇ ತುಂಬಿ ತುಳುಕುತ್ತಿದ್ದ, ಸುತ್ತ ಕಬ್ಬಿಣದ ಬೇಲಿ ಇದ್ದ ಜಾಗಕ್ಕೆ ಇನ್ನಷ್ಟು ಜನ ಬಂದರು. ಮುಂದಿದ್ದವರಿಗೆ ಎದೆ ಉಬ್ಬಿಸಿ ಉಸಿರೆಳೆಯಲೂ ಜಾಗವಿಲ್ಲ. ಆ ದಿನವೇ 94 ಜನ ಸತ್ತರು, ಇನ್ನೊಬ್ಬ ಬಾಲಕ ಕೆಲವು ದಿನ ಬಿಟ್ಟು ಸತ್ತ. ಟೋನಿ ಬ್ಲಾಂಡ್ ಲಿವರ್‌ಪೂಲ್ ತಂಡದ ಅಭಿಮಾನಿ, ಹದಿಹರೆಯದ ಹುಡುಗ. ಪಕ್ಕೆಲುಬು ಮುರಿದು, ಶ್ವಾಸಕೋಶಕ್ಕೆ ತೂತಾಗಿ, ಮಿದುಳಿಗೆ ಆಮ್ಲಜನಕ ಹೋಗುವುದು ನಿಂತುಹೋಗಿತ್ತು. ಆದರೆ ಅವನು ಸಾಯಲಿಲ್ಲ.

ಆಮ್ಲಜನಕ ನಿಂತರೆ ಮೊದಲು ಸಾಯುವುದು ಮಿದುಳಿನ ಹೊರಪದರ. ನೋಡುವುದು, ಕೇಳುವುದು, ಅಮ್ಮ ಅಂತ ಗುರುತು ಹಿಡಿಯುವುದು, ನೋವು ಅಂತ ತಿಳಿಯುವುದು ಎಲ್ಲ ಅಲ್ಲೇ ನಡೆಯುವುದು. ಅದರ ಕೆಳಗಿನ ಮಿದುಳು ಕಾಂಡ ಗಟ್ಟಿ, ಅದು ಇನ್ನೂ ಸ್ವಲ್ಪ ಹೊತ್ತು ತಾಳಿಕೊಳ್ಳುತ್ತದೆ. ಟೋನಿಯಲ್ಲಿ ಉಳಿದದ್ದು ಆ ಕಾಂಡ ಮಾತ್ರ. ಹಾಗಾಗಿ ಉಸಿರು ತಾನಾಗಿ ಆಡುತ್ತಿತ್ತು. ಎದೆ ಬಡಿಯುತ್ತಿತ್ತು, ಊಟ ಅರಗುತ್ತಿತ್ತು, ಕಣ್ಣು ತೆರೆದಿರುತ್ತಿತ್ತು. ಆದರೆ ಆ ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಇದಕ್ಕೆ ವೈದ್ಯರು ಪರ್ಸಿಸ್ಟೆಂಟ್ ವೆಜಿಟೇಟಿವ್ ಸ್ಟೇಟ್, ಅಂದರೆ ಪಿವಿಎಸ್ ಅನ್ನುತ್ತಾರೆ. ನಮ್ಮ ಪೇಪರುಗಳು ‘ಜೀವಚ್ಛವ’ ಅಂತ ಬರೆಯುತ್ತವೆ. ಆ ಪದ ನನಗೆ ಹಿಡಿಸುವುದಿಲ್ಲ. ಪ್ರಶ್ನೆ ಕೇಳುವ ಮೊದಲೇ ಅದು ಉತ್ತರ ಹೇಳಿ ಮುಗಿಸಿಬಿಡುತ್ತದೆ, ಅರ್ಧ ಶವ ಅಂತ ಹೆಸರಿಟ್ಟ ಮೇಲೆ ಇನ್ನು ಯೋಚಿಸಲು ಏನು ಉಳಿಯಿತು?

ಇದು ಕೋಮಾ ಅಲ್ಲ, ಮಿದುಳು ಸಾವೂ ಅಲ್ಲ ಅನ್ನುವುದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಮಿದುಳು ಪೂರ್ತಿ ಸತ್ತಿದ್ದರೆ ಕಾನೂನಿನ ಕಣ್ಣಿನಲ್ಲಿ ಅವನು ತೀರಿಕೊಂಡ ಹಾಗೆ, ಉಸಿರಾಟದ ಯಂತ್ರ ಆರಿಸಿದರೆ ಮುಗಿಯುತ್ತಿತ್ತು. ಟೋನಿಗೆ ಆರಿಸಲು ಯಂತ್ರವೇ ಇರಲಿಲ್ಲ. ಅವನಿಗೂ ಸಾವಿಗೂ ನಡುವೆ ಇದ್ದದ್ದು ಮೂಗಿನಿಂದ ಹೊಟ್ಟೆಗೆ ಇಳಿಸಿದ್ದ ಒಂದು ಸಣ್ಣ ಪೈಪು.

ಮೂರೂವರೆ ವರ್ಷ ದಾಟಿದ ಮೇಲೆ ಅವನು ಹೇಗಿದ್ದ ಅಂತ ಮೇಲ್ಮನವಿ ಕೋರ್ಟಿನ ತೀರ್ಪಿನಲ್ಲಿ ಬರೆದಿದ್ದಾರೆ. ಪಂಪು ಆ ಪೈಪಿನ ಮೂಲಕ ದ್ರವ ಆಹಾರ ತಳ್ಳುತ್ತದೆ. ಮೂತ್ರಕ್ಕೆ ಕ್ಯಾಥೆಟರ್, ಅದರಿಂದ ಆಗಾಗ ಸೋಂಕು, ಸೋಂಕಿಗೆ ಆಂಟಿಬಯಾಟಿಕ್. ಕೀಲುಗಳು ಬಿಗಿದು ಎರಡು ತೋಳೂ ಎದೆಗೆ ಅಂಟಿಕೊಂಡಿವೆ, ಕಾಲು ಸೊಟ್ಟಗೆ ತಿರುಚಿಕೊಂಡಿವೆ. ಗಂಟಲು ತಾನಾಗಿ ಅದುರಿ ವಾಂತಿ ಆಗುತ್ತದೆ, ಜೊಲ್ಲು ಸುರಿಯುತ್ತದೆ. ಮನೆಯವರು ಸರದಿ ಹಾಕಿಕೊಂಡು ಬಂದು ಪಕ್ಕದಲ್ಲಿ ಕೂರುತ್ತಾರೆ. ಇದು ಯಾವುದೂ ಅವನಿಗೆ ಗೊತ್ತಿಲ್ಲ. ಆ ಪ್ಯಾರಾ ಓದುವಾಗ ನನಗೆ ಪ್ರತಿ ಸಲವೂ ತೋಳಿನ ಹತ್ತಿರ ಬಂದು ನಿಲ್ಲುವ ಹಾಗಾಗುತ್ತದೆ. ಚೆಂಡಾಟ ನೋಡಲು ಹೋದ ಹುಡುಗನ ತೋಳು.

ಅವನನ್ನು ನೋಡಿಕೊಳ್ಳುತ್ತಿದ್ದವರು ಏರ್‌ಡೇಲ್ ಜನರಲ್ ಆಸ್ಪತ್ರೆಯ ನರರೋಗ ತಜ್ಞ ಡಾಕ್ಟರ್ ಜಿಮ್ ಹೌ. ದುರಂತ ನಡೆದ ನಾಲ್ಕೇ ತಿಂಗಳಿಗೆ, ಇನ್ನು ಚೇತರಿಕೆ ಇಲ್ಲ ಅಂತ ಖಾತ್ರಿಯಾದಾಗ, ಆಹಾರ ನಿಲ್ಲಿಸುವ ಬಗ್ಗೆ ಮನೆಯವರೊಂದಿಗೆ ಮಾತಾಡಿದರು. ಅವರು ಒಪ್ಪಿದರು. ಆದರೆ ಹೌ ಇದನ್ನು ಕದ್ದುಮುಚ್ಚಿ ಮಾಡಲಿಲ್ಲ. ಹಿಲ್ಸ್‌ಬರೋ ಸಾವುಗಳ ವಿಚಾರಣೆ ಮಾಡುತ್ತಿದ್ದ ಕರೋನರ್‌ಗೆ ಪತ್ರ ಬರೆದು ಕೇಳಿದರು. ಹಾಗೆ ಮಾಡಿದರೆ ಕೊಲೆ ಆರೋಪ ಬರಬಹುದು ಅಂತ ಅಲ್ಲಿಂದ ಎಚ್ಚರಿಕೆ ಬಂತು. ಕೇಳಿದ್ದಕ್ಕೇ ಮೂರು ವರ್ಷ ಜಾಸ್ತಿ ಆಯಿತು. ಕೇಳದೆ ಒಂದು ಸಲ ನ್ಯುಮೋನಿಯಾ ಬಂದಾಗ ಆಂಟಿಬಯಾಟಿಕ್ ಕೊಡದೆ ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲವೇನೋ. ಆದರೂ ಅವರು ಕೇಳಿದ್ದು ಒಳ್ಳೆಯದಾಯಿತು ಅಂತಲೇ ನಾನು ಅಂದುಕೊಳ್ಳುತ್ತೇನೆ, ಇಂಥ ತೀರ್ಮಾನ ಹಗಲು ಬೆಳಕಿನಲ್ಲೇ ಆಗಬೇಕು.

ಕೊನೆಗೆ ಆಸ್ಪತ್ರೆಯ ಟ್ರಸ್ಟೇ ಕೋರ್ಟಿಗೆ ಹೋಯಿತು. ಆಹಾರ, ನೀರು, ಚಿಕಿತ್ಸೆ ನಿಲ್ಲಿಸುವುದು ಕಾನೂನುಬದ್ಧ ಅಂತ ಘೋಷಿಸಿ, ಅವನು ನೆಮ್ಮದಿಯಿಂದ, ಘನತೆಯಿಂದ ಹೋಗಲು ಎಷ್ಟು ಬೇಕೋ ಅಷ್ಟೇ ಆರೈಕೆ ಮಾಡಲು ಬಿಡಿ ಅಂತ ಕೇಳಿತು. ತಂದೆ ಸಾಕ್ಷಿ ಹೇಳಿದರು: ಹೀಗೆ ಬಿದ್ದಿರುವುದು ನನ್ನ ಮಗನಿಗೆ ಖಂಡಿತ ಬೇಕಾಗಿರಲಿಲ್ಲ ಅನ್ನುವ ಅರ್ಥದ ಮಾತು. ಎದುರು ನಿಂತದ್ದು ಅಫಿಷಿಯಲ್ ಸಾಲಿಸಿಟರ್, ತಮ್ಮ ಪರವಾಗಿ ಮಾತಾಡಲು ಆಗದವರಿಗಾಗಿ ಸರ್ಕಾರ ಇಟ್ಟಿರುವ ವಕೀಲ. ಅವರ ಕಡೆಯ ವಾದ ನೇರ: ಇದು ಕೊಲೆ. ಬಾಯಿಲ್ಲದವನ ಪರ ನಿಲ್ಲಬೇಕಾದ ವಕೀಲ, ಹೆತ್ತವರ ಎದುರು ವಾದಿಸಬೇಕಾಗಿ ಬಂತು. ಇದನ್ನು ಕ್ರೌರ್ಯ ಅಂತ ಕೆಲವರು ಬೈಯಬಹುದು. ನಾನು ಬೈಯುವುದಿಲ್ಲ. ಎಲ್ಲರೂ ಒಂದೇ ಕಡೆ ಇದ್ದಾಗಲೇ ಒಬ್ಬರು ಆ ಕಡೆ ನಿಂತು ಕೇಳಬೇಕು.

1992ರ ನವೆಂಬರ್‌ನಲ್ಲಿ ಹೈಕೋರ್ಟು ಒಪ್ಪಿತು. ಡಿಸೆಂಬರ್‌ನಲ್ಲಿ ಮೇಲ್ಮನವಿ ಕೋರ್ಟಿನ ಮೂವರೂ ಒಪ್ಪಿದರು. 1993ರ ಫೆಬ್ರವರಿ 4ರಂದು ಆಗ ಅಲ್ಲಿನ ಅತ್ಯುನ್ನತ ಕೋರ್ಟಾಗಿದ್ದ ಹೌಸ್ ಆಫ್ ಲಾರ್ಡ್ಸ್‌ನ ಐವರೂ ಒಪ್ಪಿದರು. ಮೂರು ಮೆಟ್ಟಿಲು, ಒಂಬತ್ತು ನ್ಯಾಯಾಧೀಶರು, ಒಂದೇ ಒಂದು ಭಿನ್ನಮತವಿಲ್ಲ. ಇಷ್ಟು ಕೇಳಿದರೆ ಸುಲಭದ ಕೇಸು ಅನ್ನಿಸುತ್ತದೆ. ತೀರ್ಪು ಓದಿದರೆ ಹಾಗನ್ನಿಸುವುದಿಲ್ಲ, ಒಬ್ಬೊಬ್ಬರೂ ಬೇರೆ ಬೇರೆ ಕಡೆ ತಡವರಿಸಿದ್ದಾರೆ.

ಮೊದಲ ತೊಡಕು, ಪೈಪಿನಲ್ಲಿ ಹೋಗುವುದು ಅನ್ನವೋ ಔಷಧವೋ? ಔಷಧ ಅಂದರೆ ನಿಲ್ಲಿಸುವ ಅಧಿಕಾರ ಡಾಕ್ಟರಿಗೆ ಇದೆ, ಫಲವಿಲ್ಲದ ಚಿಕಿತ್ಸೆ ಮುಂದುವರಿಸಲೇಬೇಕು ಅಂತ ಯಾವ ನಿಯಮವೂ ಇಲ್ಲ. ಅನ್ನ ಅಂದರೆ? ಕೈಲಾಗದವನಿಗೆ ಅನ್ನ ನೀರು ನಿಲ್ಲಿಸುವುದನ್ನು ಯಾರಾದರೂ ಆರೈಕೆ ಅಂತಾರಾ? ಹಸುಗೂಸಿಗೂ ನಾವೇ ತಿನ್ನಿಸುತ್ತೇವೆ, ಅದನ್ನು ಚಿಕಿತ್ಸೆ ಅನ್ನುವುದಿಲ್ಲವಲ್ಲ. ಲಾರ್ಡ್ಸ್ ಹೇಳಿದ್ದು, ಪೈಪು ಹಾಕುವುದರಿಂದ ಹಿಡಿದು ಸೋಂಕು ನೋಡಿಕೊಳ್ಳುವವರೆಗೆ ಇದೆಲ್ಲ ವೈದ್ಯಕೀಯ ಆರೈಕೆಯ ಭಾಗ, ಉಸಿರಾಟದ ಯಂತ್ರ ಗಾಳಿ ತಳ್ಳುವ ಹಾಗೆ ಇದು ಆಹಾರ ತಳ್ಳುತ್ತದೆ ಅಂತ. ಕಾನೂನಿಗೆ ಇದು ಸಾಕು. ನನಗೆ ಸಾಲದು, ಆದರೆ ತೀರ್ಮಾನ ತಪ್ಪು ಅನ್ನುವ ಕಾರಣಕ್ಕಲ್ಲ. ತಿನ್ನಿಸುವುದು ಅಂದರೆ ಇಬ್ಬರು ಬೇಕು. ತುತ್ತು ಹತ್ತಿರ ಬಂದಾಗ ಮಗು ಬಾಯಿ ತೆರೆಯುತ್ತದೆ, ಬೇಡದಿದ್ದರೆ ಮುಖ ತಿರುಗಿಸುತ್ತದೆ. ಟೋನಿಗೆ ಬೇಕು ಅನ್ನುವುದೂ ಇಲ್ಲ, ಬೇಡ ಅನ್ನುವುದೂ ಇಲ್ಲ. ಹಸಿವು ಅನ್ನುವುದೇ ಇಲ್ಲ. ಅದನ್ನು ಊಟ ಅಂತ ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಹಾಗಂತ ಅದನ್ನು ಬರೀ ಔಷಧ ಅಂದುಬಿಟ್ಟರೆ, ಅದನ್ನು ನಿಲ್ಲಿಸುವಾಗ ಮನೆಯವರ ಹೊಟ್ಟೆಯಲ್ಲಿ ಆಗುವ ಸಂಕಟಕ್ಕೆ ಲೆಕ್ಕವೇ ಸಿಗುವುದಿಲ್ಲ.

ಎರಡನೆಯದು ಇನ್ನೂ ದೊಡ್ಡದು. ಕೊಲ್ಲುವುದಕ್ಕೂ ಸಾಯಲು ಬಿಡುವುದಕ್ಕೂ ಏನು ವ್ಯತ್ಯಾಸ? ಆ ಐವರಲ್ಲಿ ಒಬ್ಬರಾದ ಲಾರ್ಡ್ ಗಾಫ್ ಇದಕ್ಕೊಂದು ಉದಾಹರಣೆ ಕೊಟ್ಟರು. ಡಾಕ್ಟರು ಜೀವರಕ್ಷಕ ಯಂತ್ರ ಆರಿಸಿದರೆ ಅದು ಚಿಕಿತ್ಸೆ ಬಿಟ್ಟದ್ದು, ರೋಗಿ ತನ್ನ ರೋಗದಿಂದ ಸಾಯುತ್ತಾನೆ. ಹೊರಗಿನವನೊಬ್ಬ ದುರುದ್ದೇಶದಿಂದ ನುಗ್ಗಿ ಅದೇ ಯಂತ್ರ ಆರಿಸಿದರೆ ಅದು ಮಾಡಿದ್ದು, ಅವನು ಕೊಲೆಗಾರ. ಸ್ವಿಚ್ಚು ಒಂದೇ, ಬೆರಳು ಒತ್ತಿದ ರೀತಿಯೂ ಒಂದೇ. ಅಂದರೆ ವ್ಯತ್ಯಾಸ ಕೈಯಲ್ಲಿಲ್ಲ, ಕೈ ಯಾರದು ಅನ್ನುವುದರಲ್ಲಿದೆ. ಡಾಕ್ಟರಿಗೆ ಒಂದು ಕರ್ತವ್ಯ ಇತ್ತು, ಆ ಕರ್ತವ್ಯ ಈಗ ಮುಗಿದಿದೆ, ಹಾಗಾಗಿ ಬಿಡುವುದು ತಪ್ಪಲ್ಲ. ಇದನ್ನು ನಾನು ಒಪ್ಪುತ್ತೇನೆ. ಆದರೆ ಗಮನಿಸಿ, ಆಗ ‘ಮಾಡುವುದು–ಬಿಡುವುದು’ ಅನ್ನುವ ಗೆರೆ ಕೆಲಸ ಮಾಡುತ್ತಲೇ ಇಲ್ಲ. ಕೆಲಸ ಮಾಡುತ್ತಿರುವುದು ಕರ್ತವ್ಯದ ಪ್ರಶ್ನೆ. ಮೊದಲು ಕರ್ತವ್ಯ ಮುಗಿಯಿತು ಅಂತ ತೀರ್ಮಾನಿಸಿ, ಆಮೇಲೆ ಅದಕ್ಕೆ ‘ಬಿಟ್ಟದ್ದು’ ಅಂತ ಹೆಸರಿಟ್ಟಿದ್ದಾರೆ.

ಕನ್ನಡದಲ್ಲಿ ಯೋಚಿಸಿದರೆ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ‘ಬಿಡು’ ಅನ್ನುವ ಒಂದೇ ಮಾತಿನಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ಕೈಬಿಟ್ಟರು ಅಂದರೆ ತೊರೆದರು ಅಂತ. ಹೋಗಲು ಬಿಟ್ಟರು ಅಂದರೆ ಅಡ್ಡ ನಿಲ್ಲಲಿಲ್ಲ ಅಂತ. ಟೋನಿಯನ್ನು ಕೈಬಿಟ್ಟರೋ, ಹೋಗಲು ಬಿಟ್ಟರೋ? ನೀತಿಯ ಪ್ರಶ್ನೆ ಇರುವುದೇ ಇಲ್ಲಿ ಅಂತ ನನಗೆ ಅನ್ನಿಸುತ್ತದೆ, ಮತ್ತು ಪೈಪು ತೆಗೆದ ಒಂದು ಗಳಿಗೆಯನ್ನು ಮಾತ್ರ ನೋಡಿದರೆ ಇದಕ್ಕೆ ಉತ್ತರ ಸಿಗುವುದಿಲ್ಲ. ಅದಕ್ಕೆ ಮುಂಚಿನ ಮೂರೂವರೆ ವರ್ಷ, ಅದರ ನಂತರದ ದಿನಗಳು, ಮಗ್ಗುಲು ಬದಲಿಸಿದವರು, ಮೈ ಒರೆಸಿದವರು, ಎಲ್ಲವನ್ನೂ ನೋಡಬೇಕು.

ಈ ಗೆರೆ ಎಷ್ಟು ತೆಳು ಅಂತ ನ್ಯಾಯಾಧೀಶರಿಗೂ ಗೊತ್ತಿತ್ತು. ಲಾರ್ಡ್ ಬ್ರೌನ್-ವಿಲ್ಕಿನ್ಸನ್ ಬಾಯಿ ಬಿಟ್ಟೇ ಕೇಳಿದರು: ಆಹಾರವಿಲ್ಲದೆ ವಾರಗಟ್ಟಲೆ ನಿಧಾನವಾಗಿ ಸಾಯಲು ಬಿಡುವುದು ಕಾನೂನುಬದ್ಧ, ಒಂದು ಇಂಜೆಕ್ಷನ್ ಕೊಟ್ಟು ತಕ್ಷಣ ಮುಗಿಸಿ ಮನೆಯವರನ್ನು ಇನ್ನೊಂದು ಸಂಕಟದಿಂದ ಪಾರು ಮಾಡುವುದು ಅಪರಾಧ, ಇದು ಹೇಗೆ ಸರಿ? ಇದಕ್ಕೆ ನೀತಿಯ ಉತ್ತರ ಕಷ್ಟ, ಆದರೆ ಕಾನೂನು ಹಾಗೇ ಇದೆ ಅಂದರು. ಲಾರ್ಡ್ ಮಸ್ಟಿಲ್ ಅಂತೂ ಈ ವಿಷಯದಲ್ಲಿ ಕಾನೂನು ನೈತಿಕವಾಗಿಯೂ ಬೌದ್ಧಿಕವಾಗಿಯೂ ವಿಕಾರವಾಗಿದೆ ಅಂತ ಬರೆದರು. ತೀರ್ಪು ಕೊಡುತ್ತಲೇ ಇಷ್ಟು ಹೇಳಲು ಧೈರ್ಯ ಬೇಕು.

ಅದೇ ಹೊತ್ತಿಗೆ ಅದೇ ದೇಶದಲ್ಲಿ ಇನ್ನೊಂದು ಕೇಸು ಮುಗಿದಿತ್ತು. 1992ರ ಸೆಪ್ಟೆಂಬರ್‌ನಲ್ಲಿ ಡಾಕ್ಟರ್ ನೈಜೆಲ್ ಕಾಕ್ಸ್ ಅವರ ಮೇಲೆ ಕೊಲೆ ಯತ್ನದ ಆರೋಪ ಸಾಬೀತಾಯಿತು. ಅವರ ರೋಗಿ ಒಬ್ಬ ವೃದ್ಧೆ, ಸಂಧಿವಾತ ವಿಪರೀತವಾಗಿ, ಮುಟ್ಟಿದರೆ ಕಿರುಚುವಷ್ಟು ನೋವು. ಸಾಯಿಸಿ ಅಂತ ತಾನೇ ಕೇಳಿದ್ದಳು. ಕಾಕ್ಸ್ ಪೊಟ್ಯಾಸಿಯಂ ಕ್ಲೋರೈಡ್ ಚುಚ್ಚಿದರು. ಮನೆಯವರು ದೂರು ಕೊಡಲಿಲ್ಲ. ಕೋರ್ಟು ಹನ್ನೆರಡು ತಿಂಗಳ ಶಿಕ್ಷೆ ವಿಧಿಸಿ ಅದನ್ನು ಅಮಾನತಿನಲ್ಲಿಟ್ಟಿತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ನೋವು ಉಂಡು, ಬಾಯಿಬಿಟ್ಟು ಕೇಳಿದವಳಿಗೆ ಸಹಾಯ ಮಾಡಿದ್ದು ಅಪರಾಧವಾಯಿತು. ನೋವೇ ತಿಳಿಯದ, ಏನೂ ಕೇಳದ ಹುಡುಗನ ಸಾವಿಗೆ ಕೋರ್ಟೇ ಅನುಮತಿ ಕೊಟ್ಟಿತು. ದಯೆ ಅನ್ನುವುದೇ ಅಳತೆಗೋಲಾಗಿದ್ದರೆ ಲೆಕ್ಕ ತಿರುಗಾಮುರುಗಾ ಆಗಬೇಕಿತ್ತು ಅಲ್ವಾ?

ಆದರೂ ಚುಚ್ಚುಮದ್ದಿಗೆ ಅನುಮತಿ ಕೊಡಲು ಗಾಫ್ ಹಿಂಜರಿದದ್ದು ನನಗೆ ಅರ್ಥವಾಗುತ್ತದೆ. ಆ ಗೆರೆ ಒಮ್ಮೆ ದಾಟಿದರೆ ಮುಂದಿನದಕ್ಕೆ ತಡೆ ಎಲ್ಲಿ ಅನ್ನುವ ಭಯ ಅದು. ಪೈಪು ನಿಲ್ಲಿಸುವ ಅನುಮತಿಗೆ ತಾನಾಗಿಯೇ ಒಂದು ಎಲ್ಲೆ ಇದೆ, ಪೈಪಿನಿಂದಲೇ ಬದುಕಿರುವವರಿಗೆ ಮಾತ್ರ ಅದು ಅನ್ವಯಿಸುತ್ತದೆ. ಸಿರಿಂಜಿಗೆ ಅಂಥ ಎಲ್ಲೆ ಇಲ್ಲ, ಯಾರ ತೋಳಿಗಾದರೂ ಅದು ಚುಚ್ಚುತ್ತದೆ. ಇದು ಒಳ್ಳೆಯ ಕಾರಣ. ನನ್ನ ತಕರಾರು ಇಷ್ಟೇ, ಭಯ ಇದೆ ಅಂತ ಹೇಳಿದರೆ ಸಾಕಿತ್ತು. ಒಂದು ‘ಮಾಡುವುದು’, ಇನ್ನೊಂದು ‘ಮಾಡದಿರುವುದು’ ಅಂತ ಹೇಳಿ, ಮಾಡದಿರುವುದರ ಭಾರ ಕಡಿಮೆ ಅನ್ನುವ ಹಾಗೆ ತೋರಿಸಬೇಕಾಗಿರಲಿಲ್ಲ.

ಇಡೀ ತೀರ್ಪಿನಲ್ಲಿ ನನಗೆ ಬೆಳಕು ಕೊಟ್ಟದ್ದು ಗಾಫ್ ಪ್ರಶ್ನೆಯನ್ನೇ ತಿರುಗಿಸಿದ ಜಾಗ. ಅವನು ಸಾಯುವುದು ಅವನಿಗೆ ಒಳ್ಳೆಯದೇ ಅಂತ ಕೇಳಬೇಡಿ. ಈ ಚಿಕಿತ್ಸೆಯಿಂದ ಅವನ ಬದುಕನ್ನು ಎಳೆಯುತ್ತಾ ಹೋಗುವುದು ಅವನಿಗೆ ಒಳ್ಳೆಯದೇ ಅಂತ ಕೇಳಿ ಅಂದರು. ಮೇಲ್ನೋಟಕ್ಕೆ ಒಂದೇ ಪ್ರಶ್ನೆ. ಆದರೆ ಮೊದಲನೆಯದರಲ್ಲಿ ಸಮರ್ಥನೆ ಕೊಡಬೇಕಾದವರು ನಿಲ್ಲಿಸುವವರು. ಎರಡನೆಯದರಲ್ಲಿ ಮುಂದುವರಿಸುವವರು. ಒಬ್ಬ ಮನುಷ್ಯನ ಒಪ್ಪಿಗೆ ಇಲ್ಲದೆ ಅವನ ಮೂಗಿಗೆ ಪೈಪು, ಮೂತ್ರಕ್ಕೆ ಪೈಪು ಹಾಕಿ ವರ್ಷಗಟ್ಟಲೆ ಇಟ್ಟಿದ್ದೀರಿ, ಯಾತಕ್ಕೆ? ಅವನು ವಾಸಿಯಾಗುತ್ತಾನೆ ಅನ್ನುವವರೆಗೆ ಉತ್ತರ ಇತ್ತು. ಆಗುವುದಿಲ್ಲ ಅಂತ ಗೊತ್ತಾದ ಮೇಲೆ ಉತ್ತರ ಏನು?

ಮಸ್ಟಿಲ್ ಇನ್ನೂ ಕಟುವಾಗಿ ಹೇಳಿದರು: ಅವನಿಗೆ ಒಳ್ಳೆಯದು ಕೆಟ್ಟದ್ದು ಅನ್ನುವುದೇ ಉಳಿದಿಲ್ಲ. ಇದನ್ನು ನಾನು ಒಪ್ಪುವುದಿಲ್ಲ. ಮೇಲ್ಮನವಿ ಕೋರ್ಟಿನ ಹಾಫ್‌ಮನ್ ಹೇಳಿದ್ದು ನನಗೆ ಹೆಚ್ಚು ಸರಿ ಕಾಣುತ್ತದೆ. ನಮ್ಮ ಮೈಗೆ ಏನಾಗುತ್ತದೆ, ನಮ್ಮವರು ನಮ್ಮನ್ನು ಹೇಗೆ ನೆನೆಯುತ್ತಾರೆ ಅನ್ನುವುದು ನಮಗೆ ತಿಳಿಯದಿದ್ದರೂ ನಮ್ಮದೇ ವಿಷಯ. ಅರಿವಿಲ್ಲದೆ ಬಿದ್ದವನ ಮೈಮೇಲಿನ ಬಟ್ಟೆ ಸರಿದರೆ ನಾವು ಸರಿ ಮಾಡುತ್ತೇವೆ. ಅವನಿಗೆ ನಾಚಿಕೆ ಆಗುತ್ತದೆ ಅಂತಲ್ಲ, ಅದು ಅವನ ಮೈ ಅಂತ.

ಫೆಬ್ರವರಿ 22ರಂದು ಆಹಾರ ನಿಲ್ಲಿಸಿದರು. ಮಾರ್ಚ್ 3ರಂದು ಟೋನಿ ಸತ್ತ. ವಯಸ್ಸು 22. ನಡುವೆ ಒಂಬತ್ತು ದಿನ. ತೀರ್ಪಿನ ಪುಟಗಳಲ್ಲಿ ‘ಬಿಡುವುದು’ ಅನ್ನುವ ಪದ ಎಷ್ಟು ಹಗುರವಾಗಿದ್ದರೂ ಆ ಒಂಬತ್ತು ದಿನ ಹಗುರವಾಗಿರಲು ಸಾಧ್ಯವಿಲ್ಲ. ಆಮೇಲೆ ಒಬ್ಬ ಪಾದ್ರಿ ಡಾಕ್ಟರ್ ಹೌ ಮೇಲೆ ಕೊಲೆ ಮೊಕದ್ದಮೆ ಹೂಡಲು ಹೊರಟರು, ಕೋರ್ಟು ಬಿಡಲಿಲ್ಲ.

ಇಲ್ಲಿಗೆ ಮುಗಿದಿದ್ದರೆ ನಾನು ತೀರ್ಪು ಸರಿ ಅಂತ ಬರೆದು ಸುಮ್ಮನಾಗುತ್ತಿದ್ದೆ. ಆದರೆ ಹಿಲ್ಸ್‌ಬರೋದಲ್ಲಿ ಅದೇ ದಿನ ಮಿದುಳಿಗೆ ಪೆಟ್ಟು ಬಿದ್ದ ಇನ್ನೊಬ್ಬ ಯುವಕನಿದ್ದ. ಅವನಿಗೂ ಅರಿವಿಲ್ಲ ಅಂತಲೇ ಹೇಳಿದ್ದರು. ಮನೆಯವರು ನೋಡಿಕೊಂಡರು. ಎಂಟು ವರ್ಷ ಕಳೆದು, 1997ರಲ್ಲಿ, ಅವನು ಗುಂಡಿ ಒತ್ತಿ ಪ್ರಶ್ನೆಗೆ ಉತ್ತರ ಕೊಡುತ್ತಿದ್ದಾನೆ ಅನ್ನುವ ಸುದ್ದಿ ಬಂತು. ಅವನು 2021ರವರೆಗೆ ಬದುಕಿದ್ದ. ಈ ಸುದ್ದಿ ಓದಿದಾಗ ಹೊಟ್ಟೆಯಲ್ಲಿ ಏನೋ ತಿರುವಿದ ಹಾಗಾಯಿತು. ಟೋನಿಯ ಸ್ಕ್ಯಾನಿನಲ್ಲಿ ಮಿದುಳಿನ ಹೊರಪದರ ಕೆಲಸ ಮಾಡುವ ಯಾವ ಗುರುತೂ ಇರಲಿಲ್ಲ, ಕೋರ್ಟಿಗೆ ಬಂದ ತಜ್ಞರು ಯಾರೂ ರೋಗನಿರ್ಣಯವನ್ನು ಪ್ರಶ್ನಿಸಲಿಲ್ಲ, ಇಬ್ಬರ ಪೆಟ್ಟೂ ಒಂದೇ ಅಲ್ಲ. ಇದು ನನಗೆ ಗೊತ್ತು. ಆದರೂ 1996ರಲ್ಲಿ ಲಂಡನ್ನಿನ ವೈದ್ಯರು ಪಿವಿಎಸ್ ಅಂತ ಕಳಿಸಿದ್ದ 40 ರೋಗಿಗಳನ್ನು ಕೂಲಂಕಷವಾಗಿ ನೋಡಿದಾಗ 17 ಜನರಲ್ಲಿ ಆ ನಿರ್ಣಯವೇ ತಪ್ಪಾಗಿತ್ತು. 2006ರಲ್ಲಿ ನರವಿಜ್ಞಾನಿ ಏಡ್ರಿಯನ್ ಓವನ್ ಮತ್ತು ಸಂಗಡಿಗರು, ಅರಿವಿಲ್ಲ ಅಂತ ಬರೆದಿಟ್ಟಿದ್ದ ಒಬ್ಬ ಯುವತಿಗೆ ಸ್ಕ್ಯಾನರ್ ಒಳಗೆ, ಟೆನಿಸ್ ಆಡುತ್ತಿರುವ ಹಾಗೆ ಊಹಿಸಿಕೋ ಅಂದರು. ಹಾಗೆ ಊಹಿಸಿಕೊಳ್ಳುವ ಆರೋಗ್ಯವಂತರ ಮಿದುಳಿನಲ್ಲಿ ಬೆಳಗುವ ಭಾಗವೇ ಅವಳಲ್ಲೂ ಬೆಳಗಿತು. ಮೈ ಒಂದಿಷ್ಟೂ ಅಲುಗದೆ ಅವಳು ಕೇಳಿಸಿಕೊಂಡಿದ್ದಳು.

ಇದರಿಂದ ಟೋನಿಯ ತೀರ್ಪು ತಪ್ಪಾಗುವುದಿಲ್ಲ. ಆದರೆ ‘ಅವನಿಗೆ ಏನೂ ತಿಳಿಯುವುದಿಲ್ಲ’ ಅನ್ನುವ ವಾಕ್ಯದ ಮೇಲೆ ಇಡೀ ವಾದ ನಿಂತಿದ್ದಾಗ, ಆ ವಾಕ್ಯವನ್ನು ಪರೀಕ್ಷಿಸುವ ಕೆಲಸವನ್ನು ಒಂದು ಬೆಳಗಿನ ರೌಂಡ್ಸ್‌ಗೆ ಬಿಡಲಾಗದು. ಹಾಸಿಗೆ ಬೇಕು, ಖರ್ಚು ಜಾಸ್ತಿ ಅನ್ನುವ ಒತ್ತಡ ಇರುವಲ್ಲಂತೂ ಎರಡು ಪಟ್ಟು ಎಚ್ಚರ ಬೇಕು. ಗಡಿಬಿಡಿಯಲ್ಲಿ ಒಬ್ಬನಿಗೆ ಆ ಹೆಸರು ಅಂಟಿಸಿದರೆ ಆಮೇಲೆ ಅವನು ಕಣ್ಣು ಹೊರಳಿಸಿದರೂ ಅದು ಬರೀ ನರದ ಅದುರು ಅಂತ ಬರೆದುಕೊಳ್ಳುತ್ತಾರೆ.

ಭಾರತದಲ್ಲಿ 2011ರ ಮಾರ್ಚ್ 7ರಂದು ಮುಂಬೈಯ ಆಸ್ಪತ್ರೆಯಲ್ಲಿ ಹಲ್ಲೆಗೊಳಗಾಗಿ ದಶಕಗಳಿಂದ ಇಂಥದೇ ಸ್ಥಿತಿಯಲ್ಲಿದ್ದ ನರ್ಸ್ ಅರುಣಾ ಶಾನಭಾಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ತೀರ್ಪನ್ನು ಆಧರಿಸಿ ನಿಷ್ಕ್ರಿಯ ದಯಾಮರಣಕ್ಕೆ, ಅಂದರೆ ಚಿಕಿತ್ಸೆ ನಿಲ್ಲಿಸಿ ಸಾಯಲು ಬಿಡುವುದಕ್ಕೆ, ಮೊದಲ ಸಲ ದಾರಿ ಮಾಡಿತು. ಆದರೆ ಅರುಣಾ ವಿಷಯದಲ್ಲಿ ಬೇಡ ಅಂದಿತು. ಅರ್ಜಿ ಹಾಕಿದ ಪತ್ರಕರ್ತೆಗೆ ಅವಳ ಪರವಾಗಿ ಮಾತಾಡುವ ಹಕ್ಕಿಲ್ಲ, ಮೂವತ್ತೇಳು ವರ್ಷ ಅವಳನ್ನು ನೋಡಿಕೊಂಡ ಆಸ್ಪತ್ರೆಯ ಸಿಬ್ಬಂದಿಯೇ ಅವಳ ನಿಜವಾದ ಆಪ್ತರು, ಅವರಿಗೆ ಅವಳು ಬದುಕಿರಬೇಕು ಅಂತ. ಅದೇ ತತ್ವ, ಫಲಿತಾಂಶ ಪೂರ್ತಿ ಉಲ್ಟಾ. ಇದು ವಿರೋಧಾಭಾಸ ಅಂತ ತುಂಬಾ ಜನ ಬರೆದರು. ನನಗೆ ಹಾಗೆ ಕಾಣುವುದಿಲ್ಲ. ಎರಡೂ ಕಡೆ ಕೋರ್ಟು ಕಿವಿಗೊಟ್ಟದ್ದು ಹಾಸಿಗೆಯ ಪಕ್ಕದಲ್ಲಿದ್ದವರ ಮಾತಿಗೆ. ಕಳವಳ ಇರುವುದು ಬೇರೆ ಕಡೆ, ಎರಡೂ ಹಾಸಿಗೆಯ ಮೇಲಿದ್ದವರ ಮಾತು ಯಾರ ಹತ್ತಿರವೂ ಇರಲಿಲ್ಲ. 2018ರಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಲಿವಿಂಗ್ ವಿಲ್‌ಗೆ, ಅಂದರೆ ಮುಂದೆ ಇಂಥ ಸ್ಥಿತಿ ಬಂದರೆ ತನಗೆ ಯಾವ ಚಿಕಿತ್ಸೆ ಬೇಡ ಅಂತ ಮೊದಲೇ ಬರೆದಿಡುವ ಕಾಗದಕ್ಕೆ, ಮಾನ್ಯತೆ ಕೊಟ್ಟು, 2023ರಲ್ಲಿ ಅದರ ವಿಧಾನವನ್ನು ಸರಳ ಮಾಡಿದ್ದು ಈ ಕೊರತೆ ನೀಗಿಸಲೆಂದೇ. ಹದಿಹರೆಯದ ಹುಡುಗನೊಬ್ಬ ಮ್ಯಾಚ್ ನೋಡಲು ಹೊರಡುವ ಮೊದಲು ಅಂಥದ್ದು ಬರೆದಿಟ್ಟು ಹೋಗುತ್ತಾನೆ ಅಂತ ಯಾರೂ ನಿರೀಕ್ಷಿಸುವ ಹಾಗಿಲ್ಲ, ಆದ್ದರಿಂದ ಟೋನಿಯಂಥವರಿಗೆ ಆ ಕಾಗದದಿಂದ ಉಪಯೋಗ ಕಡಿಮೆಯೇ.

ಇಂಗ್ಲೆಂಡಿನಲ್ಲಿ 2018ರ ಜುಲೈವರೆಗೆ ಇಂಥ ಕೇಸುಗಳು ಕೋರ್ಟಿಗೆ ಹೋಗುತ್ತಿದ್ದವು. ಆಮೇಲೆ ಅಲ್ಲಿನ ಸುಪ್ರೀಂ ಕೋರ್ಟು, ಡಾಕ್ಟರೂ ಮನೆಯವರೂ ಒಪ್ಪಿದ್ದರೆ, ನಿಯಮಗಳನ್ನು ಪಾಲಿಸಿದ್ದರೆ ಕೋರ್ಟಿಗೆ ಬರಬೇಕಾಗಿಲ್ಲ ಅಂದಿತು. ಮನೆಯವರ ಒದ್ದಾಟ ಕಡಿಮೆಯಾಯಿತು, ಅದು ಸರಿ. ಆದರೆ ಎಲ್ಲರೂ ಒಪ್ಪಿದಾಗಲೂ ಆ ಕಡೆ ನಿಂತು ‘ಇದು ಕೊಲೆಯಲ್ಲವೇ’ ಅಂತ ಕೇಳುತ್ತಿದ್ದ ಒಬ್ಬ ವಕೀಲ ಈಗ ಅಲ್ಲಿರುವುದಿಲ್ಲ. ನನಗೆ ಅವನಿರಬೇಕಿತ್ತು ಅನ್ನಿಸುತ್ತದೆ.

ಕೊನೆಗೆ ಒಂದು ಲೆಕ್ಕ. ಟೋನಿ ಸತ್ತದ್ದು ಯಾತರಿಂದ? ಪೈಪು ನಿಲ್ಲಿಸಿದ್ದರಿಂದ ಅಂತ ಯಾರಾದರೂ ಹೇಳಬಹುದು, ದಿನಾಂಕ ನೋಡಿದರೆ ಹಾಗೇ ಕಾಣುತ್ತದೆ. 2016ರ ಏಪ್ರಿಲ್ 26ರಂದು, ದುರಂತ ನಡೆದು 27 ವರ್ಷ ಆದ ಮೇಲೆ, ಹೊಸ ವಿಚಾರಣೆಯ ಜ್ಯೂರಿ ಹಿಲ್ಸ್‌ಬರೋದ 96 ಜನರೂ ಕಾನೂನುಬಾಹಿರವಾಗಿ ಕೊಲ್ಲಲ್ಪಟ್ಟರು ಅಂತ ತೀರ್ಪು ಕೊಟ್ಟಿತು. ಆ 96ನೆಯವನು ಟೋನಿ. ಅವನನ್ನು ಕೊಂದದ್ದು 1989ರ ಆ ಮಧ್ಯಾಹ್ನ, ಆ ಬೇಲಿಯ ಒಳಗೆ.